ಸೋಡಿಯಂ ಬ್ಯಾಟರಿ ಮಳೆಗಾಲ ದಾಟಬೇಕು

ಅದು ಜುಲೈ ತಿಂಗಳು. ಸಂಜೆ ದೋಸೆಹಿಟ್ಟಿನ ಹದಕ್ಕೆ ತಂದು ಮುಚ್ಚಿಟ್ಟು ಹೋಗಿದ್ದ ಸ್ಲರಿ, ಅಂದರೆ ಬ್ಯಾಟರಿಯೊಳಗಿನ ಲೋಹದ ಹಾಳೆಗೆ ಬಳಿಯುವ ಲೇಪ, ಬೆಳಿಗ್ಗೆ ಮುಚ್ಚಳ ತೆಗೆದಾಗ ಹಾಲುಬಾಯಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಚಮಚ ನೆಟ್ಟರೆ ಬೀಳದೆ ನಿಲ್ಲುತ್ತಿತ್ತು. ನಾಲ್ಕು ಕಿಲೋ ಕ್ಯಾಥೋಡ್ (ಬ್ಯಾಟರಿಯ ಧನ ಧ್ರುವ) ಪುಡಿ, ಅದನ್ನು ತಯಾರಿಸಲು ಹಿಡಿದ ಎರಡು ವಾರ, ಎಲ್ಲವೂ ಹೋಯಿತು. ಹುಡುಕುತ್ತಾ ಹೋದರೆ ಸಿಕ್ಕ ಕಾರಣ ಇಷ್ಟೇ: ಹಿಂದಿನ ದಿನ ಪುಡಿಯ ಡಬ್ಬ ಅರ್ಧ ಗಂಟೆ ತೆರೆದೇ ಇತ್ತು. ಹೊರಗೆ ಜಡಿಮಳೆ.

ಸೋಡಿಯಂ ಅಯಾನ್ ಬ್ಯಾಟರಿಯ ಕ್ಯಾಥೋಡಿಗೆ ಬಳಸುವ ಮುಖ್ಯ ವಸ್ತುಗಳಲ್ಲೊಂದು ಪದರ ಪದರವಾದ ಲೋಹದ ಆಕ್ಸೈಡು. ಆ ಪದರಗಳ ನಡುವೆ ಇರುವ ಸೋಡಿಯಂ ಸುಮ್ಮನೆ ಇರುವ ಜೀವವಲ್ಲ. ಗಾಳಿಯಲ್ಲಿ ತೇವ ಕಂಡರೆ ಸಾಕು, ಮೇಲ್ಮೈಗೆ ಬಂದು ಕಾಸ್ಟಿಕ್ ಸೋಡ ಆಗುತ್ತದೆ, ಕಾರ್ಬನ್ ಡೈಆಕ್ಸೈಡ್ ಸೇರಿದರೆ ವಾಷಿಂಗ್ ಸೋಡ ಆಗುತ್ತದೆ. ಪುಡಿಯನ್ನು ಹಾಳೆಗೆ ಅಂಟಿಸಲು ಹಾಕುವ ಪಿವಿಡಿಎಫ್ ಎಂಬ ಅಂಟಿಗೆ ಈ ಕ್ಷಾರ ಆಗಿಬರುವುದಿಲ್ಲ. ಅಂಟಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಸ್ಲರಿ ಹೆಪ್ಪುಗಟ್ಟುತ್ತದೆ. ನಿಕ್ಕಲ್ ಹೆಚ್ಚಿರುವ ಲಿಥಿಯಂ ಕ್ಯಾಥೋಡಿಗೂ ಈ ಕಾಯಿಲೆ ಇದೆ. ಸೋಡಿಯಮ್ಮಿಗೆ ಬೇಗ ಬರುತ್ತದೆ, ಜೋರಾಗಿ ಬರುತ್ತದೆ.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಸುದ್ದಿಯಲ್ಲಿ ಕಾಣುವುದು ಎಷ್ಟು ನಿಮಿಷಕ್ಕೆ ಚಾರ್ಜ್, ಎಷ್ಟು ಸಾವಿರ ಸೈಕಲ್ (ತುಂಬಿ ಬರಿದಾಗುವ ಸುತ್ತು) ಎಂಬ ಅಂಕಿಗಳು. ಒಂದು ಹೊಸ ಬ್ಯಾಟರಿ ಮನೆಗೆ ಬರುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ತೆರೆದಿಟ್ಟ ಡಬ್ಬದಂಥ ಜಾಗಗಳಲ್ಲಿ.

ಮೂಲ ವಿಷಯ ಸರಳ. ಚಾರ್ಜ್ ಮಾಡುವಾಗ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಕ್ಯಾಥೋಡಿನಿಂದ ಋಣ ಧ್ರುವವಾದ ಆನೋಡಿಗೆ ಹೋಗುತ್ತವೆ, ಬಳಸುವಾಗ ವಾಪಸು ಬರುತ್ತವೆ. ಲಿಥಿಯಂ ಜಾಗದಲ್ಲಿ ಸೋಡಿಯಂ ಕೂರಿಸಿದರೆ ಆಟ ಅದೇ, ಆಟಗಾರ ದಪ್ಪ. ಲಿಥಿಯಂ ಅಯಾನಿನ ತ್ರಿಜ್ಯ 0.76 ಆಂಗ್‌ಸ್ಟ್ರಮ್, ಸೋಡಿಯಮ್ಮಿನದು 1.02. ಪರಮಾಣು ತೂಕ 7ರ ಬದಲು 23. ವೋಲ್ಟೇಜು ಸುಮಾರು 0.3 ವೋಲ್ಟಿನಷ್ಟು ಕಡಿಮೆ. ಹಾಗಾಗಿ ತೂಕಕ್ಕೆ ಸಿಗುವ ಶಕ್ತಿಯೂ ಕಡಿಮೆ: ಚೀನಾದ ಬ್ಯಾಟರಿ ಕಂಪನಿ ಸಿಎಟಿಎಲ್ 2021ರಲ್ಲಿ ಪ್ರಕಟಿಸಿದ ಸೆಲ್ ಕಿಲೋಗೆ 160 ವ್ಯಾಟ್-ಅವರ್, 2025ರಲ್ಲಿ ತೋರಿಸಿದ್ದು 175. ಒಂದು ಲಾಭವೂ ಇದೆ. ಲಿಥಿಯಂ ಸೆಲ್ಲಿನ ಆನೋಡಿಗೆ ತಾಮ್ರದ ಹಾಳೆಯೇ ಬೇಕು. ಸೋಡಿಯಂ ಅಲ್ಯೂಮಿನಿಯಮ್ಮಿನೊಂದಿಗೆ ಬೆರೆಯುವುದಿಲ್ಲವಾದ್ದರಿಂದ ಎರಡೂ ಕಡೆ ಅಗ್ಗದ ಅಲ್ಯೂಮಿನಿಯಂ ಹಾಳೆ ಸಾಕು. ಸೆಲ್ಲನ್ನು ಸೊನ್ನೆ ವೋಲ್ಟಿಗೆ ಇಳಿಸಿ ನಿರ್ಭಯವಾಗಿ ಲಾರಿಗೆ ತುಂಬಬಹುದು.

ಅಂದಹಾಗೆ, 'ಉಪ್ಪಿನ ಬ್ಯಾಟರಿ' ಎಂಬ ಹೆಸರು ದಾರಿ ತಪ್ಪಿಸುತ್ತದೆ. ಒಳಗೆ ಅಡುಗೆ ಉಪ್ಪು ಇರುವುದಿಲ್ಲ. ಸೋಡಿಯಂ ಹೆಚ್ಚಾಗಿ ಬರುವುದು ಸೋಡ ಆಶ್‌ನಿಂದ, ಅಂದರೆ ನೀರಿನಂಶವಿಲ್ಲದ ವಾಷಿಂಗ್ ಸೋಡದಿಂದ. ಅದು ಗುಜರಾತಿನ ಮೀಠಾಪುರದಂಥ ಕಡೆ ದಶಕಗಳಿಂದ ತಯಾರಾಗುತ್ತಿರುವ ಸರಕು. ಲಿಥಿಯಮ್ಮಿಗೆ ಹೋಲಿಸಿದರೆ ನಮಗಿರುವ ನಿಜವಾದ ನೆಮ್ಮದಿ ಅದು.

ಆನೋಡಿನ ಕಥೆ ಬೇರೆ. ಲಿಥಿಯಂ ಬ್ಯಾಟರಿಯ ಗ್ರಾಫೈಟು ಸೋಡಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. 2000ದಲ್ಲಿ ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಸ್ಟೀವನ್ಸ್ ಮತ್ತು ಡಾನ್, ಹಾರ್ಡ್ ಕಾರ್ಬನ್ ಎಂಬ ಅಸ್ತವ್ಯಸ್ತ ಇಂಗಾಲ ಒಂದು ಗ್ರಾಮಿಗೆ ಸುಮಾರು 300 ಮಿಲಿಆಂಪ್-ಅವರ್ ಚಾರ್ಜ್ ಹಿಡಿಯುತ್ತದೆ ಎಂದು ತೋರಿಸಿದ ಮೇಲೆ ದಾರಿ ತೆರೆಯಿತು. ಈ ಇಂಗಾಲವನ್ನು ತೆಂಗಿನ ಚಿಪ್ಪಿನಿಂದ ಮಾಡಬಹುದು ಎಂದಾಗ ತಿಪಟೂರು, ಅರಸೀಕೆರೆ ಕಡೆಯವರ ಕಣ್ಣು ಅರಳುತ್ತದೆ. ಅರಳಲಿ, ತಪ್ಪಿಲ್ಲ. ಆದರೆ ಚಿಪ್ಪಿನ ಇದ್ದಲು ನೇರವಾಗಿ ಆಗುವುದಿಲ್ಲ. ಅದರಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಸಿಲಿಕಾ ಇರುತ್ತವೆ. ಆಮ್ಲದಲ್ಲಿ ತೊಳೆಯಬೇಕು, ಗಾಳಿಯಿಲ್ಲದ ಕುಲುಮೆಯಲ್ಲಿ 1,200ರಿಂದ 1,400 ಡಿಗ್ರಿಗೆ ಕಾಯಿಸಬೇಕು. ಒಂದು ತೋಟದ ಚಿಪ್ಪಿಗೂ ಇನ್ನೊಂದರ ಚಿಪ್ಪಿಗೂ ವ್ಯತ್ಯಾಸವಿದ್ದರೆ ಸೆಲ್ಲಿನಲ್ಲಿ ಅದು ಕಾಣಿಸುತ್ತದೆ.

ಪ್ರಯೋಗಾಲಯದ ಫಲಿತಾಂಶ ಮತ್ತು ಬಳಕೆಯ ಸೆಲ್ ನಡುವಿನ ಅಂತರ ಯಾಕೆ ಇಷ್ಟು ದೊಡ್ಡದು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಮೊದಲ ಪರೀಕ್ಷೆ ನಡೆಯುವುದು ರೂಪಾಯಿ ನಾಣ್ಯದಷ್ಟು ಅಗಲದ ಕಾಯಿನ್ ಸೆಲ್ಲಿನಲ್ಲಿ. ಅದರ ಎದುರು ಬದಿಗೆ ಶುದ್ಧ ಸೋಡಿಯಂ ಲೋಹದ ತುಂಡು ಇಟ್ಟಿರುತ್ತಾರೆ, ಅಂದರೆ ಬತ್ತದ ಬಾವಿ. ಪ್ರತಿ ಸುತ್ತಿನಲ್ಲಿ ಸ್ವಲ್ಪ ಸೋಡಿಯಂ ಕಳೆದುಹೋದರೂ ಬಾವಿ ತುಂಬಿಕೊಡುತ್ತದೆ. ನಿಜವಾದ ಸೆಲ್ಲಿನಲ್ಲಿ ಬಾವಿ ಇಲ್ಲ, ಕ್ಯಾಥೋಡ್ ಹೊತ್ತು ತಂದಷ್ಟೇ ಬಂಡವಾಳ. ಪ್ರತಿ ಸುತ್ತಿನಲ್ಲಿ ಶೇ 99.9 ಮರಳಿ ಬಂದರೆ ಕೇಳಲು ಚೆನ್ನಾಗಿದೆ. ಸಾವಿರ ಸುತ್ತಿನ ಬಳಿಕ ಉಳಿಯುವುದು ಶೇ 37 ಮಾತ್ರ. ಶೇ 99.99 ಆದರೆ 90 ಉಳಿಯುತ್ತದೆ. ನಮ್ಮ ದುಡಿಮೆಯೆಲ್ಲ ಆ ಕೊನೆಯ ಒಂದು ಒಂಬತ್ತಿಗಾಗಿ. ಅದಕ್ಕೂ ಮುಂಚೆ, ಮೊದಲ ಚಾರ್ಜಿನಲ್ಲೇ ಹಾರ್ಡ್ ಕಾರ್ಬನ್ ನೂರಕ್ಕೆ 10ರಿಂದ 20 ಭಾಗ ಸೋಡಿಯಮ್ಮನ್ನು ನುಂಗಿಕೊಳ್ಳುತ್ತದೆ, ತನ್ನ ಮೇಲೊಂದು ರಕ್ಷಣಾ ಪೊರೆ ಕಟ್ಟಿಕೊಳ್ಳಲು.

ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡ 2025ರಲ್ಲಿ, ಆರು ನಿಮಿಷದಲ್ಲಿ ಶೇ 80 ಚಾರ್ಜ್ ಆಗುವ, 3,000ಕ್ಕೂ ಹೆಚ್ಚು ಸುತ್ತು ಬಾಳುವ ಸೋಡಿಯಂ ಬ್ಯಾಟರಿಯನ್ನು ವರದಿ ಮಾಡಿತು. ಕಣಗಳನ್ನು ನ್ಯಾನೋ ಗಾತ್ರಕ್ಕೆ ಇಳಿಸಿ, ಇಂಗಾಲದ ಹೊದಿಕೆ ಕೊಟ್ಟು, ಆನೋಡಿಗೆ ತುಸು ಅಲ್ಯೂಮಿನಿಯಂ ಸೇರಿಸಿದ ಆ ಕೆಲಸ ನನಗೆ ಹೆಮ್ಮೆ ತಂದಿದೆ. ಆ ಪುಡಿ ಕ್ವಿಂಟಾಲ್‌ಗಟ್ಟಲೆ ತಯಾರಾಗಬೇಕಾದ ದಿನ ಬಂದಾಗ, ಪ್ರಯೋಗಾಲಯದ ಪುಡಿಯನ್ನು ಬಳಕೆಯ ಸೆಲ್ಲಾಗಿಸುವ ನಮ್ಮಂಥವರ ಕೆಲಸ ಶುರು.

ಬೆಲೆಯ ಬಗ್ಗೆ ಒಂದು ಮಾತು. 2022ರ ನವೆಂಬರಿನಲ್ಲಿ ಲಿಥಿಯಂ ಬ್ಯಾಟರಿಯ ಕಚ್ಚಾವಸ್ತುವಾದ ಲಿಥಿಯಂ ಕಾರ್ಬೊನೇಟ್ ಚೀನಾದಲ್ಲಿ ಟನ್ನಿಗೆ ಸುಮಾರು 6 ಲಕ್ಷ ಯುವಾನ್ ಮುಟ್ಟಿತ್ತು. ಮರುವರ್ಷದ ಕೊನೆಗೆ 1 ಲಕ್ಷದ ಆಸುಪಾಸಿಗೆ ಕುಸಿಯಿತು. 'ಅಗ್ಗ' ಎಂಬ ಒಂದೇ ಕಾಲಿನ ಮೇಲೆ ನಿಂತಿದ್ದ ಸೋಡಿಯಂ ಯೋಜನೆಗಳು ಅದರೊಂದಿಗೇ ಅಲುಗಾಡಿದವು. ಅಮೆರಿಕದ ಸೋಡಿಯಂ ಬ್ಯಾಟರಿ ಕಂಪನಿ ನ್ಯಾಟ್ರಾನ್ 2025ರಲ್ಲಿ ಬಾಗಿಲು ಮುಚ್ಚಿತು.

ಹಾಗಾದರೆ ಇದರ ಜಾಗ ಎಲ್ಲಿ? ನನ್ನ ಉತ್ತರ: ದೂರದೂರಿಗೆ ಓಡುವ ಕಾರಲ್ಲ, ನಮ್ಮ ಮೆಟ್ಟಿಲ ಕೆಳಗಿನ ಯುಪಿಎಸ್. ಅಲ್ಲಿ ಈಗ ಕೂತಿರುವ ಸೀಸದ ಬ್ಯಾಟರಿ ಕಿಲೋಗೆ ಮೂವತ್ತು-ನಲವತ್ತು ವ್ಯಾಟ್-ಅವರ್ ಕೊಡುತ್ತದೆ. ಸತ್ತ ಮೇಲೆ ಎಷ್ಟೋ ಕಡೆ ಗುಜರಿಯ ಹಿತ್ತಲಲ್ಲಿ ಕರಗಿ, ಅಲ್ಲಿ ಆಡುವ ಮಕ್ಕಳ ರಕ್ತಕ್ಕೆ ಸೀಸ ಸೇರುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ನಮ್ಮ ಕೆಲಸ ತಡವಾಗುತ್ತಿದೆ ಅನಿಸುತ್ತದೆ.

ಆದರೆ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರೆ ಆಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾಮಾನ್ಯ ಇನ್ವರ್ಟರ್ 12 ವೋಲ್ಟ್ ಬ್ಯಾಟರಿಯನ್ನು ಸುಮಾರು 14.4ರವರೆಗೆ ಚಾರ್ಜ್ ಮಾಡುತ್ತದೆ, 10.5ಕ್ಕೆ ಇಳಿದಾಗ ಕೈಬಿಡುತ್ತದೆ. ಆಕ್ಸೈಡ್ ಕ್ಯಾಥೋಡಿನ ಸೋಡಿಯಂ ಸೆಲ್ ಪೂರ್ತಿ ತುಂಬಿದಾಗ 4 ವೋಲ್ಟ್, ಬರಿದಾದಾಗ 1.5. ನಾಲ್ಕನ್ನು ಸಾಲಾಗಿ ಜೋಡಿಸಿದರೆ 16ರಿಂದ 6ರವರೆಗಿನ ಇಳಿಜಾರು. ಹಳೆಯ ಇನ್ವರ್ಟರ್ ಮೇಲಿನ ಭಾಗ ತುಂಬಿಸುವುದಿಲ್ಲ, ಕೆಳಗಿನದನ್ನು ಮುಟ್ಟುವುದಿಲ್ಲ. ಐದು ಜೋಡಿಸಿದರೆ ಪ್ರತಿ ಸೆಲ್ 2.9 ವೋಲ್ಟಿಗಿಂತ ಮೇಲೇರುವುದೇ ಇಲ್ಲ. ಅಂದರೆ ಇನ್ವರ್ಟರನ್ನೇ ಬೇರೆಯಾಗಿ ಕಟ್ಟಬೇಕು. ರಸಾಯನ ಬಲ್ಲವರು ಮತ್ತು ಸರ್ಕ್ಯೂಟ್ ಬಲ್ಲವರು ಮೊದಲ ದಿನದಿಂದಲೇ ಒಂದೇ ಮೇಜಿಗೆ ಕೂರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ಬಿಸಿಲು. ಚಳಿ ದೇಶದವರು ಮೈನಸ್ 20 ಡಿಗ್ರಿಯಲ್ಲೂ ಸೋಡಿಯಂ ಚೆನ್ನಾಗಿ ಓಡುತ್ತದೆ ಎಂದು ಸಂತೋಷಪಡುತ್ತಾರೆ. ನಮಗೆ ಬೇಕಿರುವುದು ರಾಯಚೂರಿನ ಮೇ ತಿಂಗಳು. ಸೋಡಿಯಂ ಸೆಲ್ಲಿನ ಆ ರಕ್ಷಣಾ ಪೊರೆ ಲಿಥಿಯಮ್ಮಿನದಕ್ಕಿಂತ ಸುಲಭವಾಗಿ ಎಲೆಕ್ಟ್ರೋಲೈಟಿನಲ್ಲಿ (ಅಯಾನುಗಳು ಓಡಾಡುವ ದ್ರವದಲ್ಲಿ) ಕರಗುತ್ತದೆ, ಕಾವು ಏರಿದಷ್ಟೂ ಬೇಗ. ಕರಗಿದ್ದನ್ನು ಮತ್ತೆ ಕಟ್ಟಲು ಅದೇ ಬಂಡವಾಳದಿಂದ ಸೋಡಿಯಂ ಖರ್ಚು. ಅದಕ್ಕಾಗಿಯೇ ಪೂರ್ತಿ ಚಾರ್ಜ್ ಮಾಡಿದ ಹನ್ನೆರಡು ಸೆಲ್ಲುಗಳನ್ನು 45 ಡಿಗ್ರಿಯ ಓವನ್ನಿನಲ್ಲಿ ಸುಮ್ಮನೆ ಮಲಗಿಸಿದ್ದೇವೆ. ವಾರಕ್ಕೊಮ್ಮೆ ತೆಗೆದು ವೋಲ್ಟೇಜು ಬರೆದುಕೊಳ್ಳುತ್ತೇವೆ. ಎಲೆಕ್ಟ್ರೋಲೈಟಿಗೆ ಹೊಸ ಸಂಯೋಜಕ ಹಾಕಿದ ಆರು, ಹಾಕದ ಆರು. ಒಂಬತ್ತನೇ ವಾರ ಮುಗಿದಿದೆ. ಎರಡೂ ಗುಂಪಿನ ಗೆರೆಗಳು ಈಗಷ್ಟೇ ಬೇರೆಯಾಗತೊಡಗಿವೆ.