4-250ಎ ಮತ್ತು 5ಡಿ22: ಹಳೆಯ ಟ್ರಾನ್ಸ್‌ಮಿಟರ್ ವಾಲ್ವ್‌ಗಳ ಮೊದಲ ಅಂಕಿಯನ್ನು ಓದುವ ಬಗೆ

ಹವ್ಯಾಸಿ ರೇಡಿಯೊ ಟ್ರಾನ್ಸ್‌ಮಿಟರ್‌ಗಳಲ್ಲಿ ಬಳಸುವ ಹಳೆಯ ಅಮೆರಿಕನ್ ವಾಲ್ವ್‌ಗಳನ್ನು (ನಿರ್ವಾತ ನಳಿಕೆಗಳನ್ನು) ಗುರುತಿಸುವಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಹೆಸರಿನ ಮೊದಲ ಅಂಕಿ. ರಿಸೀವರ್ ವಾಲ್ವ್‌ಗಳಲ್ಲಿ ಅದು ಹೀಟರಿನ, ಅಂದರೆ ಒಳಗಿನ ಕಾಯಿಸುವ ತಂತಿಯ, ವೋಲ್ಟೇಜನ್ನು ಸೂಚಿಸುತ್ತದೆ: 6ಎಲ್6ಕ್ಕೆ 6.3 ವೋಲ್ಟ್, 5ಯು4ಕ್ಕೆ 5 ವೋಲ್ಟ್. ಇದೇ ರೂಢಿಯನ್ನು ನಂಬಿ 2ಇ26ಕ್ಕೆ 2 ವೋಲ್ಟ್ ಕೊಟ್ಟರೆ ಹೀಟರ್ ಕಾಯುವುದಿಲ್ಲ, ಚೆನ್ನಾಗಿರುವ ವಾಲ್ವ್ ಕೆಟ್ಟಿದೆಯೆಂದು ಮೂಲೆ ಸೇರುತ್ತದೆ. ಅದಕ್ಕೂ ಬೇಕಾದದ್ದು 6.3 ವೋಲ್ಟ್.

1940ರ ದಶಕದಲ್ಲಿ ಟ್ರಾನ್ಸ್‌ಮಿಟರ್ ವಾಲ್ವ್‌ಗಳಿಗೆ ಬಂದ, 2ಇ26ರಂಥ ಹೆಸರುಗಳನ್ನು ಕೊಡುವ ಪದ್ಧತಿಯಲ್ಲಿ ಮೊದಲ ಅಂಕಿಯು ಹೀಟರ್ ಅಥವಾ ಫಿಲಮೆಂಟ್ ನುಂಗುವ ವಿದ್ಯುತ್ತಿನ ವರ್ಗವೇ ಹೊರತು ವೋಲ್ಟೇಜ್ ಅಲ್ಲ. 1 ಎಂದರೆ ಕಾಯಿಸುವ ತಂತಿಯೇ ಇಲ್ಲ. 2 ಎಂದರೆ 10 ವ್ಯಾಟ್‌ವರೆಗೆ. 3 ಎಂದರೆ 10ರಿಂದ 20. 4 ಎಂದರೆ 20ರಿಂದ 50. 5 ಎಂದರೆ 50ರಿಂದ 100 ವ್ಯಾಟ್. ನಡುವಿನ ಅಕ್ಷರ ರಚನೆಯನ್ನು ತಿಳಿಸುತ್ತದೆ: ಸಿ ಟ್ರಯೋಡ್ (ಮೂರು ಎಲೆಕ್ಟ್ರೋಡ್), ಡಿ ಟೆಟ್ರೋಡ್ (ನಾಲ್ಕು), ಇ ಪೆಂಟೋಡ್ (ಐದು) ಅಥವಾ ಬೀಮ್ ವಾಲ್ವ್. ಕೊನೆಯದು ಕ್ರಮಸಂಖ್ಯೆ, ಅದು 21ರಿಂದ ಆರಂಭವಾಗುತ್ತದೆ. ನಾನು ನೆಚ್ಚಿಕೊಂಡಿರುವ ಗುರುತೂ ಇದೇ: ಅಕ್ಷರದ ನಂತರ 21 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಯಿದ್ದರೆ ಮೊದಲ ಅಂಕಿಯನ್ನು ವೋಲ್ಟೇಜ್ ಎಂದು ಓದಬಾರದು. 2ಎ3ರಲ್ಲಿ 2 ಎಂದರೆ 2.5 ವೋಲ್ಟ್, 2ಇ26ರಲ್ಲಿ 2 ಎಂದರೆ 10 ವ್ಯಾಟ್‌ವರೆಗಿನ ವರ್ಗ: ಅದಕ್ಕೆ 6.3 ವೋಲ್ಟ್, 0.8 ಆಂಪಿಯರ್, ಅಂದರೆ ಸುಮಾರು 5 ವ್ಯಾಟ್. 3ಸಿ24ಕ್ಕೆ 6.3 ವೋಲ್ಟ್, 3 ಆಂಪಿಯರ್, ಸುಮಾರು 19 ವ್ಯಾಟ್. 4ಇ27ಕ್ಕೆ 5 ವೋಲ್ಟ್, 7.5 ಆಂಪಿಯರ್, ಅಂದರೆ 37.5 ವ್ಯಾಟ್.

ಐಮ್ಯಾಕ್ ಕಂಪನಿಯ ಹೆಸರುಗಳು ಬಂದಾಗ ಗೊಂದಲ ಇಮ್ಮಡಿಯಾಗುತ್ತದೆ. 4-125ಎ ಎಂಬಲ್ಲಿ 4 ಎಂದರೆ ನಾಲ್ಕು ಎಲೆಕ್ಟ್ರೋಡ್‌ಗಳು, 125 ಎಂದರೆ ಪ್ಲೇಟ್ (ಎಲೆಕ್ಟ್ರಾನ್‌ಗಳನ್ನು ಸೆಳೆಯುವ ಎಲೆಕ್ಟ್ರೋಡ್) ತಾಳಿಕೊಳ್ಳುವ ಶಾಖ ವ್ಯಾಟ್‌ಗಳಲ್ಲಿ. ಇದೇ ವಾಲ್ವಿಗೆ 4ಡಿ21 ಎಂಬ ಇನ್ನೊಂದು ಹೆಸರಿರುವುದರಿಂದ ಎರಡೂ ಕಡೆಯ 4 ಒಂದೇ ಎಂಬ ಭ್ರಮೆ ಮೂಡುತ್ತದೆ. ಅದು ಬರಿಯ ಕಾಕತಾಳೀಯ. ಇದರ ಅಣ್ಣನಾದ 4-250ಎಯನ್ನು ನೋಡಿದರೆ ಅನುಮಾನ ಕರಗುತ್ತದೆ. ಅದಕ್ಕೂ ನಾಲ್ಕೇ ಎಲೆಕ್ಟ್ರೋಡ್‌ಗಳಿವೆ, ಆದರೆ ಫಿಲಮೆಂಟಿಗೆ 5 ವೋಲ್ಟಿನಲ್ಲಿ 14.5 ಆಂಪಿಯರ್, ಅಂದರೆ 72.5 ವ್ಯಾಟ್ ಬೇಕು. ಆದ್ದರಿಂದಲೇ ಅದರ ಇನ್ನೊಂದು ಹೆಸರು 5ಡಿ22. ಇಲ್ಲಿ ಫಿಲಮೆಂಟಿನ ವೋಲ್ಟೇಜೂ 5 ಆಗಿರುವುದು ಮತ್ತೊಂದು ಕಾಕತಾಳೀಯವಾದ್ದರಿಂದ, ವೋಲ್ಟ್ ಮತ್ತು ಆಂಪಿಯರ್‌ಗಳ ಗುಣಾಕಾರವನ್ನು ಒಮ್ಮೆ ನೀವೇ ಮಾಡಿ ನೋಡಬೇಕೆಂದು ಒತ್ತಿ ಹೇಳುತ್ತೇನೆ.

807, 813ರಂಥ ಬರಿಯ ಸಂಖ್ಯೆಗಳಲ್ಲಿ ಬಿಡಿಸಿ ಓದುವಂಥದ್ದು ಏನೂ ಇಲ್ಲ. ಸೇನೆಯ ಹೆಸರುಗಳನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು: ಅಮೆರಿಕದ ವಿಟಿ-100 ಮತ್ತು ಬ್ರಿಟನ್ನಿನ ಸಿವಿ124 ಎರಡೂ 807ರ ಬಗೆಯವೇ. ಅಕ್ಷರ ಪೂರ್ತಿ ಅಳಿಸಿದ್ದರೆ ತಳದ ಪಿನ್‌ಗಳನ್ನು ಎಣಿಸಬೇಕು. 807ಕ್ಕೆ ಐದು, 12.6 ವೋಲ್ಟಿನ ಸೋದರ 1625ಕ್ಕೆ ಏಳು. ಮಸುಕಾದ ಬರಹವಿದ್ದರೆ ಗಾಜನ್ನು ಒರೆಸದೆ ಅದರ ಮೇಲೆ ಮೆಲ್ಲನೆ ಉಸಿರು ಬಿಟ್ಟು, ಓರೆ ಬೆಳಕಿನಲ್ಲಿ ಓದುವುದು ಒಳಿತು.