ಒಪ್ಪಿಗೆ ಕೊಡದಿದ್ದರೂ ಕೆಐಎಡಿಬಿ ನಮ್ಮ ಜಮೀನು ತೆಗೆದುಕೊಳ್ಳಬಹುದಾ?

ಪ್ರಶ್ನೆ: ಕೈಗಾರಿಕಾ ಪ್ರದೇಶ ಮಾಡಲು ಅಂತ ನಮ್ಮ ಹೊಲಕ್ಕೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನೋಟಿಸ್ ಬಂದಿದೆ. ಕೊಡಲು ಇಷ್ಟವಿಲ್ಲ. ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳಬಹುದೇ?

ಉತ್ತರ: ತೆಗೆದುಕೊಳ್ಳಬಹುದು. ಹೀಗೆ ಬರೆಯಲು ಬೇಜಾರಾಗುತ್ತದೆ, ಆದರೆ ಕಾನೂನು ಇರುವುದೇ ಹಾಗೆ. ಸಂವಿಧಾನಕ್ಕೆ 1978ರಲ್ಲಿ ಮಾಡಿದ 44ನೇ ತಿದ್ದುಪಡಿಯ ನಂತರ ಆಸ್ತಿ ಹಕ್ಕು ಮೂಲಭೂತ ಹಕ್ಕಾಗಿ ಉಳಿದಿಲ್ಲ. ಕಾನೂನು ಬಿಟ್ಟು ಯಾರ ಆಸ್ತಿಯನ್ನೂ ಕಿತ್ತುಕೊಳ್ಳಬಾರದು ಎನ್ನುವ 300ಎ ವಿಧಿಯೇ ಈಗ ನಮಗಿರುವ ಆಸರೆ.

ಖಾಸಗಿ ಕಂಪನಿಗಾದರೆ ಶೇ 80ರಷ್ಟು ಕುಟುಂಬಗಳು ಒಪ್ಪಬೇಕಲ್ಲವೇ ಅಂತ ಕೇಳಬಹುದು. ಅದು 2013ರ ಕೇಂದ್ರದ ಭೂಸ್ವಾಧೀನ ಕಾಯ್ದೆಯ ಮಾತು. ಕೆಐಎಡಿಬಿ ನಡೆಯುವುದು ರಾಜ್ಯದ 1966ರ ಕಾಯ್ದೆಯಲ್ಲಿ. ಅಲ್ಲಿ ರೈತರ ಒಪ್ಪಿಗೆ ಕೇಳಲೇಬೇಕು ಅಂತಿಲ್ಲ, ಸಾಮಾಜಿಕ ಪರಿಣಾಮದ ಅಧ್ಯಯನವೂ ಇಲ್ಲ. ಅಲ್ಲೂ ಜಮೀನು ಹೆಚ್ಚಾಗಿ ಹೋಗುವುದು ಕಂಪನಿಗಳಿಗೇ. ಹಾಗಿರುವಾಗ ಒಬ್ಬ ರೈತನನ್ನು ಕೇಳಿ, ಇನ್ನೊಬ್ಬನನ್ನು ಕೇಳದೆ ಇರುವುದು ಅನ್ಯಾಯ ಅಲ್ವಾ?

ಹಾಗಂತ ಸುಮ್ನೆ ಕೂರಬೇಡಿ. ನೋಟಿಸ್‌ನಲ್ಲಿ 28(2) (1966ರ ಕಾಯ್ದೆಯ ಕಲಂ) ಅಂತ ಇದೆಯಾ ನೋಡಿ. ಇದ್ದರೆ ಅದು ಕೈಗೆ ಬಂದ 30 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಿ, ಸ್ವೀಕೃತಿ ಪಡೆಯಿರಿ. ಬರೀ 'ಕೊಡಲ್ಲ' ಅಂತ ಬರೆದರೆ ಸಾಲದು. ಬೆಳೆ, ಕೊಳವೆಬಾವಿ, ಮರಗಳು, ಆ ಹೊಲವನ್ನೇ ನಂಬಿದವರು ಎಷ್ಟು ಮಂದಿ, ಎಲ್ಲ ಬರೆಯಿರಿ. ಹತ್ತಿರದಲ್ಲಿ ಮೊದಲೇ ಸ್ವಾಧೀನವಾಗಿ ಖಾಲಿ ಬಿದ್ದ ಜಮೀನಿದ್ದರೆ ಅದನ್ನೂ ಸೇರಿಸಿ. ನಂತರ ವಿಚಾರಣೆಗೆ ಕರೆಯುತ್ತಾರೆ, ತಪ್ಪದೆ ಹೋಗಿ. 28(4)ರ ಅಂತಿಮ ಅಧಿಸೂಚನೆ ಗೆಜೆಟ್‌ನಲ್ಲಿ ಬಂತೆಂದರೆ ಜಮೀನು ಸರ್ಕಾರದ್ದಾಯಿತು. ಅಷ್ಟರೊಳಗೆ ನಿಮಗೆ ಹಣ ಬಂದಿರಬೇಕು ಅಂತೇನೂ ಇಲ್ಲ. ಆಮೇಲೆ ಉಳಿಯುವ ದಾರಿ ಕೋರ್ಟು, ಇಲ್ಲವೇ ಹೋರಾಟ.

ಹೋರಾಟದಿಂದ ಜಮೀನು ಉಳಿದದ್ದುಂಟು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಕೊಡಲ್ಲ ಅಂತ ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. 2025ರ ಜುಲೈನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು.

ಪರಿಹಾರದ ವಿಷಯದಲ್ಲಿ ಯಾವ ವರ್ಷದ ದರ ಎನ್ನುವುದೇ ಮುಖ್ಯ. ಬೆಂಗಳೂರು–ಮೈಸೂರು ಕಾರಿಡಾರ್‌ಗೆ ಕೆಐಎಡಿಬಿ 2003ರಲ್ಲಿ ಅಧಿಸೂಚನೆ ಹೊರಡಿಸಿ, 2005ರಲ್ಲಿ ಜಮೀನು ವಶಕ್ಕೆ ಪಡೆಯಿತು. ಕೆಲವರಿಗೆ ಪರಿಹಾರದ ಐತೀರ್ಪು (ಮೊತ್ತ ನಿಗದಿ ಮಾಡುವ ಆದೇಶ) ಬಂದದ್ದು 2019ರಲ್ಲಿ! ಇಷ್ಟು ತಡವಾದ ಮೇಲೆ ಹಳೇ ದರ ಕೊಟ್ಟರೆ ನ್ಯಾಯವಾಗದು ಎಂದ ಸುಪ್ರೀಂ ಕೋರ್ಟ್, 2025ರ ಜನವರಿಯಲ್ಲಿ, 2019ರ ಏಪ್ರಿಲ್‌ನ ಮಾರುಕಟ್ಟೆ ದರದಲ್ಲೇ ಲೆಕ್ಕ ಹಾಕಲು ಹೇಳಿತು.

ಇನ್ನೊಂದು ಮಾತು. ದರ ನಿಗದಿ ಸಭೆಯಲ್ಲಿ ಒಪ್ಪಂದದ ಪತ್ರ ಮುಂದಿಟ್ಟರೆ ತಕ್ಷಣ ಸಹಿ ಹಾಕಬೇಡಿ. ಒಪ್ಪಂದದ ದರಕ್ಕೆ ಸಹಿ ಬಿತ್ತೆಂದರೆ, ಹೆಚ್ಚಿನ ಪರಿಹಾರ ಬೇಕು ಅಂತ ಕೋರ್ಟಿಗೆ ಹೋಗುವ ದಾರಿ ಹೆಚ್ಚುಕಮ್ಮಿ ಮುಚ್ಚಿದಂತೆ. ಪತ್ರದ ಪ್ರತಿ ಕೇಳಿ ತೆಗೆದುಕೊಂಡು, ಮೊದಲು ವಕೀಲರಿಗೆ ತೋರಿಸಿ.