ಲೋನಾರ್ ಕುಳಿ: ಗುಲಾಬಿ ನೀರಿಗೂ ಹಿಂದಿನ ಕಥೆ

ವಿಜಯಪುರದಿಂದ ತುಳಜಾಪುರಕ್ಕೆ ಕ್ರೂಸರ್ ಮಾಡಿಕೊಂಡು ಹೋದವರಲ್ಲಿ ಕೆಲವರು ಈಗ ಹಾಗೇ ಮುಂದೆ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋನಾರ್‌ಗೂ ಹೋಗಿ ಬರುತ್ತಾರೆ. ಬಂದವರ ಮಾತು ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಉಲ್ಕೆ ಬಿದ್ದು ಅಲ್ಲಿಯ ಕುಳಿಯಾಗಿ 52 ಸಾವಿರ ವರ್ಷವಾಯಿತೆಂದು ಒಬ್ಬರು, 5.7 ಲಕ್ಷ ವರ್ಷವೆಂದು ಇನ್ನೊಬ್ಬರು. ಎರಡೂ ವಿಜ್ಞಾನಿಗಳೇ ಕೊಟ್ಟ ಲೆಕ್ಕ. ಎರಡನೆಯದು ಆಮೇಲೆ ನಡೆದ, ಕಲ್ಲಿನೊಳಗಿನ ಆರ್ಗಾನ್ ಅನಿಲ ಅಳೆದು ವಯಸ್ಸು ಹೇಳುವ ಪರೀಕ್ಷೆಯದು.

ಪುರಾಣ ಇದನ್ನು ವಿಷ್ಣು ಲವಣಾಸುರನನ್ನು ಕೊಂದ ಜಾಗ ಎಂದಿತು. ಊರೊಳಗಿನ ದೈತ್ಯಸೂದನ ಗುಡಿ ಆ ನೆನಪಿನದೇ. 1823ರಲ್ಲಿ ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಇದನ್ನು ದಾಖಲಿಸಿದ ಮೇಲೂ ಬಹುಕಾಲ ಹೆಚ್ಚಿನವರು ಜ್ವಾಲಾಮುಖಿಯ ಬಾಯಿ ಎಂದೇ ತಿಳಿದಿದ್ದರು. ಹಾಗೆ ತಿಳಿದದ್ದು ಸಹಜ. ನಮ್ಮ ಎರಿ ಹೊಲಗಳ ತಳದಲ್ಲಿರುವ, ಗೋಲಗುಂಬಜಕ್ಕೆ ಬಳಸಿದ ಕರಿಕಲ್ಲೇ ಅಲ್ಲಿಯ ನೆಲವೂ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಅದು. ಅಂಥ ನೆಲದಲ್ಲಿ ದುಂಡನೆಯ ಕುಳಿ ಕಂಡರೆ ಯಾರಿಗಾದರೂ ಮೊದಲು ಹೊಳೆಯುವುದು ಜ್ವಾಲಾಮುಖಿಯೇ.

ಗಂಟು ಬಿಚ್ಚಿದ್ದು ಕುಳಿಯ ತಳ ಕೊರೆದಾಗ. ಅಮೆರಿಕದ ಸ್ಮಿತ್‌ಸೋನಿಯನ್ ಮತ್ತು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಜ್ಞಾನಿಗಳಿಗೆ ಅಲ್ಲಿಯ ಕಲ್ಲಿನ ಚೂರುಗಳಲ್ಲಿ ಮಸ್ಕೆಲಿನೈಟ್ ಸಿಕ್ಕಿತು. ಕಲ್ಲಿನೊಳಗಿನ ಹರಳು ಕರಗದೆಯೇ, ಬರೀ ಹೊಡೆತದ ಒತ್ತಡಕ್ಕೆ ಗಾಜಾದರೆ ಅದು ಮಸ್ಕೆಲಿನೈಟ್. ಅಂಥ ಹೊಡೆತ ಜ್ವಾಲಾಮುಖಿಯದಲ್ಲ. 1973ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಉಲ್ಕೆಯ ತುಂಡು ಎಲ್ಲಿದೆ ಎಂದು ಅಲ್ಲಿ ಹುಡುಕುವವರಿದ್ದಾರೆ. ಬಿದ್ದ ಬಿಸಿಗೇ ಅದರ ಬಹುಪಾಲು ಆವಿಯಾಯಿತು. ಉಳಿದದ್ದು 1.8 ಕಿ.ಮೀ. ಅಗಲದ ಏಟಿನ ಗುರುತು.

ಕುಳಿಯ ತಳದಲ್ಲಿ ನಿಂತ ಕೆರೆಯ ನೀರಿನ ವಿಷಯ ಬೇರೆ. ಹೊರಗೆ ಹರಿಯಲು ದಾರಿಯಿಲ್ಲ. ನೀರು ಆವಿಯಾಗಿ ಕ್ಷಾರ ಉಳಿಯುತ್ತ ಬಂದಿದೆ. ದಡದಲ್ಲಿ ಬೆರಳದ್ದಿದರೆ ಸಾಬೂನು ನೀರಿನಂತೆ ಜಾರುತ್ತದೆ. 2020ರ ಜೂನ್‌ನಲ್ಲಿ ನೀರಿಳಿದು ಉಪ್ಪು ಹೆಚ್ಚಿ, ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳಿಂದ ಕೆರೆ ಗುಲಾಬಿಯಾಯಿತು. ಮಳೆ ಬಂತು, ಬಣ್ಣ ಹೋಯಿತು. ಫೋಟೊ ಮಾತ್ರ ಇನ್ನೂ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿದೆ, ಅದನ್ನೇ ನಂಬಿ ಹೋದವರು ಬೇಸರಪಟ್ಟು ಬರುತ್ತಾರೆ. ಅದೇ ನವೆಂಬರ್‌ನಲ್ಲಿ ಕೆರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಊರಿನ ಕೊಳಚೆ ಕೆರೆಗೆ ಸೇರುವ ವಿಷಯ ಅದಕ್ಕೂ ಮೊದಲೇ ಹೈಕೋರ್ಟ್ ಮೆಟ್ಟಿಲೇರಿತ್ತು. ಹೊರಗಿನ ನೀರು ಹೆಚ್ಚಿದಷ್ಟೂ ಕ್ಷಾರ ತೆಳುವಾಗುತ್ತದೆ, ಕ್ಷಾರವನ್ನೇ ನಂಬಿದ ಜೀವಗಳಿಗೆ ಬೇರೆ ಮನೆಯಿಲ್ಲ. ಬಣ್ಣ ಇದೆಯೋ ಎಂದು ಕೇಳುವ ಬದಲು ಇದನ್ನು ಕೇಳಬೇಕಿತ್ತು.

ಹೋಗುವವರು ಕೆಳಗಿಳಿಯುವ ಮೊದಲು ಅಂಚಿನಲ್ಲಿ ನಿಂತು ಕಲ್ಲಿನ ಪದರು ನೋಡಿ. ನಮ್ಮ ಕಡೆಯ ಖಣಿಗಳಲ್ಲಿ ಚಾಪೆ ಹಾಸಿದಂತೆ ಮಲಗಿರುವ ಅದೇ ಕಲ್ಲು ಅಲ್ಲಿ ಮೇಲೆದ್ದು ಹೊರಕ್ಕೆ ವಾಲಿದೆ.